ಒಲ್ಲೆನೆಂದವರ ಚಿತ್ರಚರಿತ್ರೆ

ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಚಿತ್ರದಲ್ಲಿ ಬಿ. ಸರೋಜಾದೇವಿ ಬ್ರಿಟಿಷರ ಎದುರು ನಿಂತು ಕಪ್ಪ ಕೊಡಲು ಒಪ್ಪದ ರಾಣಿ. ಧೈರ್ಯವೆಲ್ಲ ಅಲ್ಲಿ ಮಾತಿನಲ್ಲಿ, ಗತ್ತಿನಲ್ಲಿ, ಕತ್ತಿಯಲ್ಲಿ ಇದೆ. ಕ್ಯಾಮೆರಾ ನಾಟಕ ನೋಡುವವನಂತೆ ಎದುರು ಕೂತಿರುತ್ತದೆ. ಅರಮನೆಯಾಗಲಿ ದಂಡಾಗಲಿ ಇಲ್ಲದ ಹೆಂಗಸಿನ ಕಥೆಗೆ ಈ ಕ್ರಮ ಸಾಲದು. ಮುಂದಿನ ಎರಡು ದಶಕಗಳಲ್ಲಿ ಹೊಸ ಅಲೆಯ ಚಿತ್ರಗಳು ಬೇರೆ ದಾರಿ ಹಿಡಿದವು. ಹೆಣ್ಣಿನ ಬಲವನ್ನು ಅವಳ ಬಾಯಲ್ಲಿ ಹೇಳಿಸುವುದಕ್ಕಿಂತ, ಅವಳನ್ನು ಯಾರು, ಯಾವ ಕಡೆಯಿಂದ ನೋಡುತ್ತಿದ್ದಾರೆ ಎಂಬುದರಲ್ಲಿ ಅವು ಅದನ್ನು ಕಾಣಿಸಿದವು.

ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ (1970) ಚಿತ್ರದಲ್ಲಿ ಆಚಾರ ಮೀರಿದ ಬ್ರಾಹ್ಮಣ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರಾರು ಎಂದು ಅಗ್ರಹಾರ ತರ್ಕಿಸುತ್ತಲೇ ಇರುತ್ತದೆ. ಅವನೊಂದಿಗೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಒಡವೆ ಬಿಚ್ಚಿಡುತ್ತಾಳೆ, ಕೊನೆಗೆ ರಾತ್ರಿಯಲ್ಲಿ ಹೆಣ ಸುಡಿಸಿಬಿಡುತ್ತಾಳೆ. ಟಾಮ್ ಕೋವನ್ ಅವರ ಕಪ್ಪು-ಬಿಳುಪಿನ ಚಿತ್ರಿಕೆಯಲ್ಲಿ ಶಾಸ್ತ್ರಕ್ಕೆ ಮಾತು, ಅವಳಿಗೆ ಕೃತಿ. ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರು ಜೈಲು ಸೇರಿದರು. ಆಸ್ತಮಾದಿಂದ ನರಳಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅದೇ ವರ್ಷದ ‘ಘಟಶ್ರಾದ್ಧ’ದಲ್ಲಿ ಗಿರೀಶ ಕಾಸರವಳ್ಳಿ ಯಮುನಾಳ ಕಥೆಯನ್ನು ನಾಣಿ ಎಂಬ ಹುಡುಗನ ಕಣ್ಣಿಗೆ ಒಪ್ಪಿಸಿದರು. ಬಸುರಾದ ವಿಧವೆಯನ್ನು ಊರು ಪಾಪಿಯೆಂದು ನೋಡಿದರೆ, ಮಗು ಅವಳನ್ನು ಯಮುನಕ್ಕನೆಂದೇ ನೋಡುತ್ತದೆ. ನೋಟದ ಜಾಗ ಬದಲಾದಂತೆ ಅಪರಾಧಿಯೂ ಬದಲಾಗುತ್ತಾನೆ: ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವ ವ್ಯವಸ್ಥೆಯೇ ಕಟಕಟೆಗೆ ಬರುತ್ತದೆ.

ಈ ನೋಟದ ಕ್ರಮವೆಲ್ಲ ಯುರೋಪಿನ ಸಿನಿಮಾದಿಂದ ತಂದದ್ದು, ನಮ್ಮ ಹಳ್ಳಿಗರಿಗೆ ಒಗ್ಗದ್ದು ಎಂಬ ಆಕ್ಷೇಪ ಹಳೆಯದು. ಉಪಕರಣ ಹೊರಗಿನದಿರಬಹುದು, ತಿರುಳು ಹಾಗಲ್ಲ. ಬೇಗೂರು, ಗುಂಡ್ಲುಪೇಟೆ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ (ಮಲೆ ಮಹದೇಶ್ವರನ) ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂಬ ಭಾಗವೇ ಇದೆ. ಕಾಡಿಗೆ ಹೊರಟ ಗಂಡ ನೀಲೇಗೌಡ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಒಲ್ಲೆ ಎನ್ನುತ್ತಾಳೆ. ಅದಕ್ಕೆ ಚಿತ್ರಹಿಂಸೆ ಉಣ್ಣುತ್ತಾಳೆ. ಕಡೆಗೆ ಅವಳನ್ನು ಕಾಯುವವನು ಮಾದಪ್ಪ, ನಿಜ. ಆದರೆ ದೇವರು ಬರುವ ಮೊದಲೇ ಅವಳು ಒಲ್ಲೆ ಎಂದಾಗಿರುತ್ತದೆ. ಕೇಳುವವರ ಮನಸ್ಸು ಅವಳ ಪಕ್ಷ ಸೇರಿರುತ್ತದೆ. ಹೊಡೆದು ಗೆಲ್ಲದ ಹೆಣ್ಣನ್ನೂ ಬಲಶಾಲಿಯೆಂದು ಒಪ್ಪುವುದು ಈ ನಾಡಿಗೆ ಹೊಸತಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಯಮುನಾ ಸೋಲುತ್ತಾಳೆ, ತಲೆ ಬೋಳಿಸಿಕೊಂಡು ಊರಾಚೆ ಕೂರುತ್ತಾಳೆ, ಇದರಲ್ಲಿ ಶಕ್ತಿ ಎಲ್ಲಿದೆ? ಬರೀ ನೋವನ್ನು ಚೆಂದ ಮಾಡಿ ತೋರಿಸುವ ಅಪಾಯ ಈ ಶೈಲಿಗೆ ಇದ್ದೇ ಇದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತ ಮಾಡಿದ ‘ಫಣಿಯಮ್ಮ’ (1983) ಇದಕ್ಕೆ ಉತ್ತರ ಕೊಡುತ್ತದೆ. ಎಲ್.ವಿ. ಶಾರದಾ ಅವರ ಫಣಿಯಮ್ಮ ಬಾಲವಿಧವೆ, ಮಡಿಯಲ್ಲೇ ಮುದುಕಿಯಾದವಳು. ಆದರೂ ಕೇಶಮುಂಡನ ಒಲ್ಲದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ತನಗೆ ಸಿಗದದ್ದು ಇನ್ನೊಬ್ಬಳಿಗೆ ಸಿಗಲಿ ಎನ್ನುವಲ್ಲಿ ಸಹನೆ ತೀರ್ಪಾಗುತ್ತದೆ. ಚೆನ್ನಮ್ಮನ ಚಿತ್ರ ನೋಡಿದವರು ಹೆಮ್ಮೆಪಟ್ಟು ಏಳಬಹುದು. ಈ ಚಿತ್ರಗಳ ಪ್ರೇಕ್ಷಕರು ತಾವು ಯಾರ ಪಕ್ಷವೆಂದು ಹೇಳಲೇಬೇಕಾಗುತ್ತದೆ.