ಬೆನ್ನ ಮೇಲಿನ ಅಂಕ, ಒಡಲೊಳಗಿನ ಕೊಬ್ಬು: 1969ರ ಲೇಖನವೊಂದರ ಮರುಓದು

ಹಾಲಿನ ಕುರಿಗಳ ಪೋಷಣೆಯ ಚರಿತ್ರೆ ಬರೆಯುವವರು ಮೈಕಟ್ಟಿನ ಅಂಕದ ಮಾತು ಬಂದೊಡನೆ ರಸೆಲ್, ಡೋನಿ ಮತ್ತು ಗನ್ ಅವರ 1969ರ ಲೇಖನಕ್ಕೆ ಕೈಮುಗಿದು ಮುಂದೆ ಸಾಗುತ್ತಾರೆ. ಗಬ್ಬದ ಕುರಿಯ ಚಯಾಪಚಯ ಸರಿಯಾಗಿದೆ ಎನ್ನುವುದಕ್ಕೂ ಅದನ್ನೇ ಆಧಾರವಾಗಿ ಕೊಡುತ್ತಾರೆ. ಕೇಂಬ್ರಿಜ್‌ನ ಕೃಷಿವಿಜ್ಞಾನ ಪತ್ರಿಕೆಯ ಆ ನಾಲ್ಕು ಪುಟಗಳನ್ನು ತೆರೆದು ಓದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಅಲ್ಲಿ ಪರೀಕ್ಷೆಗೆ ಒಳಗಾದದ್ದು ಸ್ಕಾಟಿಷ್ ಬ್ಲ್ಯಾಕ್‌ಫೇಸ್ ಎಂಬ ಗುಡ್ಡಗಾಡಿನ ತಳಿ. ಆ ಕುರಿಗಳು ಗಬ್ಬವಾಗಿರಲಿಲ್ಲ, ಹಾಲನ್ನೂ ಕೊಡುತ್ತಿರಲಿಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ ಸೊಂಟದ ಮೇಲೆ ಬೆರಳೂರಿ, ಬೆನ್ನುಮೂಳೆಯ ಮುಳ್ಳು ಎಷ್ಟು ಚೂಪಾಗಿ ತಾಗುತ್ತದೆ, ಅಡ್ಡ ಮೂಳೆಗಳ ತುದಿಯ ಕೆಳಗೆ ಬೆರಳು ಎಷ್ಟು ಸಲೀಸಾಗಿ ನುಗ್ಗುತ್ತದೆ ಎಂದು ನೋಡಿ 0ಯಿಂದ 5ರವರೆಗೆ ಅಂಕ ಕೊಟ್ಟರು. (ಈ ಅಳತೆಗೋಲು ಅವರೇ ಹುಟ್ಟುಹಾಕಿದ್ದಲ್ಲ. ಟಾಸ್ಮೇನಿಯದ ಕೃಷಿ ಪತ್ರಿಕೆಯಲ್ಲಿ ಜೆಫರೀಸ್ 1961ರಲ್ಲೇ ಇದನ್ನು ವಿವರಿಸಿದ್ದರು. ಅವರ ಹೆಸರನ್ನು ಕೈಬಿಡುವುದು ಈಗ ರೂಢಿಯೇ ಆದಂತಿದೆ.) ಆಮೇಲೆ ದೇಹದ ಕೊಬ್ಬನ್ನು ರಾಸಾಯನಿಕವಾಗಿ ಅಳೆದಾಗ ಅಂಕಕ್ಕೂ ಕೊಬ್ಬಿಗೂ 0.94ರಷ್ಟು ಸಹಸಂಬಂಧ ಕಂಡಿತು. ತೂಕಕ್ಕಿಂತ ಅಂಕವೇ ನಂಬಿಕಸ್ಥ ಎಂದಾಯಿತು. ಲೇಖನ ಹೇಳಿದ್ದು ಇಷ್ಟು. ಉಳಿದದ್ದೆಲ್ಲ ಅನುಯಾಯಿಗಳ ಸೇರ್ಪಡೆ.

ಹಾಲಿನ ತಳಿಗಳಲ್ಲಿ ಕೊಬ್ಬು ಚರ್ಮದಡಿಗಿಂತ ಹೆಚ್ಚಾಗಿ ಕರುಳು, ಮೂತ್ರಪಿಂಡಗಳ ಸುತ್ತ ಕೂಡುತ್ತದೆ. ಬೆರಳಿಗೆ ಸಿಗುವುದು ಬೆನ್ನ ಮೇಲಿನ ಪದರ ಮಾತ್ರ. ಸ್ಪೇನ್‌ನ ಹಾಲಿನ ತಳಿ ಚುರ್ರಾವನ್ನು ಹಿಡಿದು ಫ್ರುತೋಸ್, ಮಾಂತೆಕೋನ್, ಹಿರಾಲ್ದೆಸ್ 1997ರಲ್ಲಿ ಅಂಕ ಮತ್ತು ತೂಕ ಎರಡನ್ನೂ ದೇಹರಚನೆಯೊಂದಿಗೆ ಹೋಲಿಸಿದ್ದು ಈ ಕಾರಣಕ್ಕೇ ಮುಖ್ಯ. ಆ ಅಧ್ಯಯನವನ್ನು ಅಡಿಟಿಪ್ಪಣಿಗೆ ತಳ್ಳಿ ಬ್ಲ್ಯಾಕ್‌ಫೇಸನ್ನೇ ಮೆರೆಸುವವರ ಬಗ್ಗೆ ನನಗೆ ಸಹನೆ ಕಡಿಮೆ. ಬೆರಳಿನ ಅಳತೆಗೆ ಖರ್ಚಿಲ್ಲ, ಕೊಟ್ಟಿಗೆಯಲ್ಲೇ ಮುಗಿಯುತ್ತದೆ ಎಂಬ ಅವರ ವಾದ ನಿಜ; ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಒಂದು ಅಂಕದ ಹಿಂದೆ ಎಷ್ಟು ಕಿಲೋ ಕೊಬ್ಬಿದೆ ಎಂಬುದು ತಳಿಯಿಂದ ತಳಿಗೆ ಬೇರೆ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಅಂಕ ಹೇಳುವುದು ಕಣಜದಲ್ಲಿ ಎಷ್ಟಿದೆ ಎಂದು. ಯಾವ ವೇಗದಲ್ಲಿ ಖಾಲಿಯಾಗುತ್ತಿದೆ ಎಂದಲ್ಲ. ಹುಟ್ಟುವ ಮರಿಯ ತೂಕದ ಸುಮಾರು ಮುಕ್ಕಾಲು ಪಾಲು ಗಬ್ಬದ ಕೊನೆಯ ಆರೇಳು ವಾರಗಳಲ್ಲಿ ಕೂಡುತ್ತದೆ. ಅವಳಿ ಮರಿ ಹೊತ್ತ ಕೊಬ್ಬಿದ ಕುರಿಯ ಹೊಟ್ಟೆಯಲ್ಲಿ ಮೇವಿಗೆ ಜಾಗ ಸಾಲದು. ಗ್ಲೂಕೋಸ್ ಮರಿಗಳ ಪಾಲಾದಾಗ ತಾಯಿ ತನ್ನ ಕೊಬ್ಬು ಕರಗಿಸುತ್ತದೆ, ಪಿತ್ತಜನಕಾಂಗಕ್ಕೆ ಕೊಬ್ಬು ತುಂಬುತ್ತದೆ, ರಕ್ತದಲ್ಲಿ ಕೀಟೋನ್ ಏರುತ್ತದೆ. ಅಂಕ 4 ಇದ್ದರೂ ಗಬ್ಬದ ನಂಜು ಎಂಬ ಈ ಕಾಯಿಲೆ ಬಡಿಯಬಹುದು. ಅದನ್ನು ಮೊದಲೇ ತೋರಿಸುವುದು ರಕ್ತದಲ್ಲಿನ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್. ಇದನ್ನು ಮೇವಿನ ಕೊರತೆಯ ಸೂಚಕವಾಗಿ ಬಳಕೆಗೆ ತಂದವರಲ್ಲಿ ರಸೆಲ್ ಕೂಡ ಒಬ್ಬರು ಎಂಬುದನ್ನು ಅವರ ಭಕ್ತರೇ ಮರೆತಿದ್ದಾರೆ.

ಮರಿಯ ಕಡೆಯಿಂದ ನೋಡಿದರೂ ಅಂಕವೊಂದೇ ಸಾಲದು. ಎಲ್. ಆರ್. ವಾಲೇಸ್ 1948ರಲ್ಲೇ ಗಬ್ಬದ ಕೊನೆಯ ಹಂತದ ಮೇವು ಕಡಿಮೆಯಾದರೆ ಮರಿಯ ತೂಕವೂ ತಾಯಿಯ ಹಾಲೂ ಇಳಿಯುತ್ತವೆ ಎಂದು ತೋರಿಸಿದ್ದರು. ಹಾಗಾಗಿ ಟಗರು ಬಿಡುವ ಕಾಲಕ್ಕೆ ಅಂಕ, ಈಯುವ ಮುಂಚಿನ ವಾರಗಳಲ್ಲಿ ರಕ್ತಪರೀಕ್ಷೆ ಎಂದು ಎರಡನ್ನೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಓದಬೇಕು. 1969ರ ಲೇಖನವನ್ನು ಉಲ್ಲೇಖಿಸುವವರು ತಳಿಯ ಹೆಸರನ್ನೂ, ಆ ಕುರಿಗಳು ಗಬ್ಬವೂ ಆಗಿರಲಿಲ್ಲ, ಹಾಲೂ ಕೊಡುತ್ತಿರಲಿಲ್ಲ ಎಂಬುದನ್ನೂ ಅದೇ ವಾಕ್ಯದಲ್ಲಿ ಬರೆಯಲಿ.