ದಿನಕ್ಕೊಂದು ಮಾತು

ಮೈಸೂರಿನಿಂದ ಪಡುವಲಿಗೆ ಹೊರಟವರಿಗೆ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ಸೀಮೆಯಲ್ಲಿ ನಾಲ್ಕು ತಾಲ್ಲೂಕುಗಳು ಸಿಕ್ಕುತ್ತವೆ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಸಾಲಿಗ್ರಾಮ, ಸರಗೂರುಗಳು ಈಚೆಗೆ ಬೇರೆ ತಾಲ್ಲೂಕುಗಳಾದುವು. ಜನರ ಬಾಯಲ್ಲಿ ಮಾತ್ರ ಇನ್ನೂ ನಾಲ್ಕೇ. ಇವುಗಳಲ್ಲಿ ಎರಡರ ಹೆಸರನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಸಾಕು, ಕನ್ನಡ ನುಡಿಯ ಚರಿತ್ರೆಯ ಒಂದು ಅಧ್ಯಾಯವನ್ನು ಪುಸ್ತಕ ಬಿಚ್ಚದೆ ಪಾಠ ಹೇಳಬಹುದು.

ಪಿರಿಯಾಪಟ್ಟಣದ ಹಳೆಯ ಹೆಸರು ಸಿಂಗಪಟ್ಟಣ. ಚಂಗಾಳ್ವರ ಪಿರಿಯರಾಜ ಅಲ್ಲಿ ಕಲ್ಲಿನ ಕೋಟೆ ಕಟ್ಟಿಸಿ ಊರಿಗೆ ತನ್ನ ಹೆಸರಿಟ್ಟನೆಂದು ಹೇಳುತ್ತಾರೆ. ‘ಪಿರಿಯ’ ಎಂದರೆ ಇಂದಿನ ‘ಹಿರಿಯ.’ ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ಪಕಾರ ಮೆಲ್ಲಮೆಲ್ಲನೆ ಹಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ‘ಪೆರ್ಗಡೆ’ ಎಂಬ ಅಧಿಕಾರಿ ‘ಹೆಗ್ಗಡೆ’ಯಾದ. ಆ ಹೆಗ್ಗಡೆಯೇ ಹೆಗ್ಗಡದೇವನಕೋಟೆಯಲ್ಲಿ ಕುಳಿತಿದ್ದಾನೆ. ಒಂದು ಊರಿನ ಹೆಸರಿನಲ್ಲಿ ಹಳಗನ್ನಡದ ಪಕಾರ ಶಾಸನದ ಅಕ್ಷರದಂತೆ ನಿಂತಿದೆ. ನೆರೆಯ ಊರಿನ ಹೆಸರಿನಲ್ಲಿ ಜನರ ಬಾಯಿ ಗೆದ್ದಿದೆ. ಎರಡಕ್ಕೂ ಬೇರು ಒಂದೇ, ‘ದೊಡ್ಡದು’ ಎಂಬ ಅರ್ಥದ ‘ಪಿರಿದು.’ ಹೆಬ್ಬಾವು, ಹೆಮ್ಮರ, ಹೆಜ್ಜೇನು ಎಲ್ಲವೂ ಆ ಬೇರಿನ ಚಿಗುರುಗಳು. ಮೊನ್ನೆಮೊನ್ನೆ ಹುಟ್ಟಿದ ‘ಹೆದ್ದಾರಿ’ಯೂ ಅದೇ ಅಚ್ಚಿನದು. ಹುಣಸೂರು, ಪಿರಿಯಾಪಟ್ಟಣಗಳನ್ನು ಹಾಯ್ದು ಮಡಿಕೇರಿಗೆ ಹೋಗುವ ರಸ್ತೆಯನ್ನು ‘ನ್ಯಾಷನಲ್ ಹೈವೇ’ ಎನ್ನುತ್ತಿದ್ದ ಬಾಯಿಗಳೇ ಇಂದು ‘ಹೆದ್ದಾರಿ’ ಎನ್ನುತ್ತವೆ. ಮಾತು ಹೇಗೆ ಬರುತ್ತದೆ, ಬಂದದ್ದು ಹೇಗೆ ಉಳಿಯುತ್ತದೆ ಎಂಬುದೇ ನನ್ನ ಇಂದಿನ ವಿಷಯ.

ಹೊಸ ಮಾತನ್ನು ದಿನವೂ ಕಲಿಯುವ ಅಭ್ಯಾಸ ನಮ್ಮಲ್ಲಿ ಹೊಸದಲ್ಲ. ಕೂಲಿಮಠದ ಅಯ್ಯನೋರ ಮುಂದೆ ಹುಡುಗರು ಅಮರಕೋಶದ ಶ್ಲೋಕಗಳನ್ನು ಬಾಯಿಪಾಠ ಮಾಡುತ್ತಿದ್ದುದು ಇದೇ ಕೆಲಸ. ಕೋಶವನ್ನು ಪದ್ಯದಲ್ಲಿ ಕಟ್ಟಿದ್ದೇ ನೆನಪಿಗೆ ಅನುಕೂಲವಾಗಲೆಂದು. ಕನ್ನಡದಲ್ಲಿಯೂ ಇಮ್ಮಡಿ ನಾಗವರ್ಮನ ಅಭಿಧಾನ ವಸ್ತುಕೋಶ, ಇಮ್ಮಡಿ ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ, ಎಲ್ಲವೂ ಪದ್ಯಗಳೇ. ಇವುಗಳಲ್ಲಿ ಕೊನೆಯದು ನನಗೆ ಪ್ರಿಯವಾದದ್ದು. ನಾಗವರ್ಮ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿದ. ಲಿಂಗಮಂತ್ರಿ ಹದಿನಾರನೆಯ ಶತಮಾನದಲ್ಲಿ ಕನ್ನಡ ಶಬ್ದಗಳಿಗೇ ಅರ್ಥ ಹೇಳಬೇಕಾಯಿತು. ಪಂಪ ರನ್ನರ ಮಾತು ಅಷ್ಟು ಹೊತ್ತಿಗೆ ಕನ್ನಡಿಗನಿಗೂ ಕಲಿಯಬೇಕಾದ ಮಾತಾಗಿತ್ತು.

ಆ ಶತಮಾನದ ಆರಂಭದಲ್ಲಿಯೇ ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯಲ್ಲಿ ಮೂರನೆಯ ಮಂಗರಸನಿದ್ದ. (ಮುಂದೆ ದೇವರಾಜ ಅರಸರನ್ನು ನಾಡಿಗೆ ಕೊಟ್ಟ ಊರೂ ಇದೇ.) ಈ ಜೈನಕವಿ ಜಯನೃಪಕಾವ್ಯ, ಸಮ್ಯಕ್ತ್ವಕೌಮುದಿಗಳನ್ನು ಬರೆದಂತೆಯೇ ಸೂಪಶಾಸ್ತ್ರವೆಂಬ ಅಡುಗೆಯ ಗ್ರಂಥವನ್ನೂ ಬರೆದ. ವಿದ್ಯಾರ್ಥಿಗಳು ಅವನ ಕಾವ್ಯವನ್ನು ಪರೀಕ್ಷೆಗೆಂದು ಓದುತ್ತಾರೆ. ಆದರೆ ಶಬ್ದಗಳನ್ನು ಹುಡುಕುವವನಿಗೆ ಆ ಅಡುಗೆಯ ಪುಸ್ತಕವೇ ದೊಡ್ಡ ಉಗ್ರಾಣ. ಐನೂರು ವರ್ಷದ ಹಿಂದೆ ಒಲೆಯ ಮುಂದೆ ಆಡಿದ ಮಾತು ಬೇರೆಲ್ಲಿ ಸಿಕ್ಕೀತು?

ಆಮೇಲೆ ಪಾದ್ರಿಗಳು ಬಂದರು. ವಿಲಿಯಂ ರೀವ್‌ನ ಕೋಶಗಳಾದ ಮೇಲೆ, ೧೮೫೩ರಲ್ಲಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ತನ್ನ ಆಯುಸ್ಸಿನ ಬಹುಭಾಗವನ್ನು ವ್ಯಯಿಸಿ ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ. ಸುಮಾರು ೭೦,೦೦೦ ಶಬ್ದಗಳು. ಅದರಲ್ಲಿ ಕಾವ್ಯದ ಮಾತಿನ ಮಗ್ಗುಲಲ್ಲಿಯೇ ಗಾದೆ ಇದೆ, ಸಂತೆಯ ಮಾತಿದೆ. ಪರಿಷತ್ತಿನ ಬೃಹತ್ ನಿಘಂಟು ೧೯೭೦ರಲ್ಲಿ ಮೊದಲ ಸಂಪುಟವನ್ನು ಕಂಡು, ೧೯೯೫ರ ಹೊತ್ತಿಗೆ ಎಂಟನೆಯದರೊಂದಿಗೆ ಮುಗಿಯಿತು. ಆ ಕೆಲಸದಲ್ಲಿ ದುಡಿದ ಜಿ. ವೆಂಕಟಸುಬ್ಬಯ್ಯನವರು ೧೯೯೧ರಿಂದ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದರು. ಓದುಗ ಒಂದು ಶಬ್ದವನ್ನು ಕೇಳುವುದು, ಇವರು ಅದರ ಹುಟ್ಟು, ಬಳಕೆ, ತಪ್ಪು ಬಳಕೆಗಳನ್ನು ಬಿಡಿಸಿ ಹೇಳುವುದು. ೨೦೨೧ರಲ್ಲಿ, ೧೦೭ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಎಷ್ಟೋ ಮನೆಗಳಲ್ಲಿ ತಮ್ಮ ಮೇಷ್ಟ್ರೇ ಹೋದರೆಂಬ ಭಾವನೆ ಬಂದದ್ದು ಸಹಜ.

ಆದರೂ ಕೋಶ ಓದಿ ಮಾತು ಕಲಿತವರು ಎಷ್ಟು ಜನ? ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ನೋಡಿದರೆ, ಮಾತು ಕಲಿತವರೆಲ್ಲ ಹೊಟ್ಟೆಪಾಡಿಗಾಗಿ ಕಲಿತವರೇ ಎನ್ನಿಸುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಟಿಪ್ಪುವಿನ ಕಾಲಕ್ಕೆ ಅದು ‘ಅಮೃತಮಹಲ್’ ಆಯಿತು. ಹುಣಸೂರು ಅದರ ಮುಖ್ಯ ಠಾಣ್ಯವಾಗಿದ್ದಾಗ ಗೊಲ್ಲರ ಬಾಯಲ್ಲಿ ಆ ಎರಡನೆಯ ಹೆಸರೇ ಉಳಿಯಿತು. ಇಂದು ರಾಸಿನ ತಳಿಗೇ ಅದು ಹೆಸರು. ಬ್ರಿಟಿಷ್ ಸೇನೆಯ ಸರಬರಾಜಿಗಾಗಿ ಹುಣಸೂರಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೊಠಾರಗಳಿದ್ದುವು. ೧೮೬೪ರಲ್ಲಿ ಅವನ್ನು ಮುಚ್ಚಿದರೂ ಕಲಿತ ಕಸುಬು ಊರಿನವರ ಕೈಯಲ್ಲಿ ಉಳಿಯಿತು. ಕೈಯಲ್ಲಿ ಕಸುಬು ಉಳಿದ ಮೇಲೆ ಬಾಯಲ್ಲಿ ಅದರ ಮಾತೂ ಉಳಿಯಬೇಕಷ್ಟೆ. ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯುವ ‘ಖೆಡ್ಡಾ’ ಹಿಂದೂಸ್ತಾನಿಯಿಂದ ಬಂದ ಮಾತು. ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಕೆಲಸ ನಿಂತು ಇಷ್ಟು ವರ್ಷವಾದ ಮೇಲೆ ಇಂದಿನ ಹುಡುಗರಿಗೆ ಖೆಡ್ಡಾ ಎಂದರೆ ‘ಖೆಡ್ಡಾಕ್ಕೆ ಕೆಡವಿದರು’ ಎಂಬ ಪತ್ರಿಕೆಯ ಮಾತಿನಲ್ಲಿರುವ ಗುಂಡಿ ಮಾತ್ರ.

ಹೊಗೆಸೊಪ್ಪಿನ ಕತೆ ಇನ್ನೂ ಸ್ವಾರಸ್ಯವಾದದ್ದು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಅದನ್ನು ಬೆಳೆಯುತ್ತಾರೆ. ೧೯೭೬ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ, ಮುಂದೆ ಹರಾಜು ಮಾರುಕಟ್ಟೆಗಳೂ ಬಂದುವು. ಶಾಲೆಯ ಕಟ್ಟೆ ಹತ್ತದ ರೈತನೂ ‘ಬ್ಯಾರನ್,’ ‘ಬೇಲು,’ ‘ಗ್ರೇಡು’ ಎಂದು ತಡವರಿಸದೆ ಹೇಳುತ್ತಾನೆ. ಹೇಳದಿದ್ದರೆ ವರ್ಷದ ದುಡಿಮೆ ಯಾರದೋ ಪಾಲಾಗುತ್ತದೆ. ಇದನ್ನು ಕೇಳಿ ಇಂಗ್ಲಿಷು ಕನ್ನಡವನ್ನು ನುಂಗಿತೆಂದು ಕಣ್ಣೀರಿಡುವ ಪಂಡಿತರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ರಾಗಿಯ ಕಣ ಡಾಂಬರು ರಸ್ತೆಗೆ ಬಂದು, ಒಕ್ಕಣೆ ಯಂತ್ರಕ್ಕೆ ಹೋದ ಮೇಲೆ, ಮೇಟಿ, ಮೆದೆ, ಕೊಳಗ, ರೋಣಗಲ್ಲುಗಳು ಹಿಂದೆ ಬಿದ್ದದ್ದಂತೂ ನಿಜ. ರಾಶಿ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಹಿಡಿಯುತ್ತಿದ್ದ ಹಿರಿಯರ ಪದ್ಧತಿಯನ್ನು ನನ್ನ ತರಗತಿಯಲ್ಲಿ ಹೇಳಿದರೆ, ರೈತರ ಮಕ್ಕಳೇ ಕತೆ ಕೇಳಿದಂತೆ ಕೇಳುತ್ತಾರೆ.

ದಿನಕ್ಕೊಂದು ಮಾತು ಕಲಿಯುವುದೆಂದರೇನೆಂದು ತಿಳಿಯಬೇಕಾದರೆ ಬೈಲಕುಪ್ಪೆಗೆ ಹೋಗಬೇಕು. ೧೯೬೦-೬೧ರಲ್ಲಿ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಸುಮಾರು ೩,೦೦೦ ಎಕರೆ ಕಾಡುನೆಲವನ್ನು ಟಿಬೆಟ್ಟಿನ ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. ೧೯೬೯ರಲ್ಲಿ ಅಲ್ಲಿಯೇ ಎರಡನೆಯ ನೆಲೆ, ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು. ಹಿಮದ ನಾಡಿನಿಂದ ಬಂದವರು ಈ ಸೆಕೆಯಲ್ಲಿ ಮರ ಕಡಿದು, ನೆಲ ಹಸನುಮಾಡಿ, ಆನೆಗಳೊಡನೆ ಹೆಣಗಿ ಮುಸುಕಿನ ಜೋಳ ಬೆಳೆದರು. ಅವರ ಕೈಗೆ ಯಾರೂ ಕನ್ನಡದ ಕೋಶ ಕೊಡಲಿಲ್ಲ. ಕೂಲಿಗೆ ಬಂದವರಿಂದ, ಗಾಡಿ ಹೊಡೆಯುವವರಿಂದ, ಕುಶಾಲನಗರದ ಅಂಗಡಿಗಳಿಂದ ಅವರು ಇಂದು ಒಂದು, ನಾಳೆ ಒಂದು ಮಾತನ್ನು ಎತ್ತಿಕೊಂಡರು.

ಹುಣಸೂರಿನಲ್ಲಿ ಚಳಿಗಾಲದ ಉಣ್ಣೆಬಟ್ಟೆ ಮಾರುವ ಒಬ್ಬ ಟಿಬೆಟನ್ ವೃದ್ಧೆ ಗಿರಾಕಿಯೊಡನೆ ಚೌಕಾಸಿ ಮಾಡುತ್ತಿದ್ದುದನ್ನು ಒಮ್ಮೆ ಕೇಳಿದೆ. ಗಿರಾಕಿ ಪೇಟೆಯ ಹುಡುಗ. ಬೆಲೆ ಇಳಿಸುವಂತೆ ಪೀಡಿಸುತ್ತಿದ್ದ. ಆಕೆ ನಿಟ್ಟುಸಿರುಬಿಟ್ಟು, “ಅಷ್ಟಕ್ಕೆಲ್ಲಾ ಗಿಟ್ಟಾಕಿಲ್ಲ ಕಣಪ್ಪಾ” ಎಂದಳು. ‘ಲಾಭವಾಗುವುದಿಲ್ಲ’ ಎನ್ನಲಿಲ್ಲ, ಈ ಸೀಮೆಯ ಒಕ್ಕಲಗಿತ್ತಿ ಹೇಗೆ ಹೇಳುವಳೋ ಹಾಗೆ ಹೇಳಿದಳು. ‘ಗಿಟ್ಟು’ ಎಂಬ ಧಾತು ಕಿಟ್ಟೆಲನ ಕೋಶದಲ್ಲಿದೆ. ಆದರೆ ‘ಗಿಟ್ಟಾಕಿಲ್ಲ’ ಎಂಬುದನ್ನು ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಕೋಶದಲ್ಲಿಲ್ಲ. ಹುಡುಗ ಸುಮ್ಮನೆ ದುಡ್ಡು ಕೊಟ್ಟ.

ನಾವು ಅವರಿಂದ ಕಲಿತ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಲಾಮಾ, ಮೊಮೊ. ಅವರ ನೆಲೆಗಳಿಗೆ ಅವರದೇ ಭಾಷೆಯಲ್ಲಿ ಲುಗ್ಸುಂಗ್ ಸಂದುಪ್ಲಿಂಗ್, ರಬ್ಗ್ಯೆಲಿಂಗ್ ಮುಂತಾದ ಹೆಸರುಗಳಿವೆ. ನಮ್ಮ ಬಸ್ಸಿನ ಕಂಡಕ್ಟರಿಗೆ ಎಲ್ಲವೂ ‘ಕ್ಯಾಂಪು.’ ಅರವತ್ತು ವರ್ಷ ಮೀರಿದ ನೆರೆಹೊರೆಯಲ್ಲಿ ಕಲಿಕೆಯ ಭಾರವೆಲ್ಲ ಒಂದೇ ಕಡೆಗೆ ಬಿದ್ದಿತೆನ್ನಬೇಕು.

ಕಾಲೇಜಿನಲ್ಲಿ ನಾನು ಕೆಲವು ವರ್ಷಗಳಿಂದ ಒಂದು ಕಟ್ಟಳೆ ಇಟ್ಟುಕೊಂಡಿದ್ದೇನೆ. ದಿನವೂ ಹಲಗೆಯ ಮೇಲೆ ಒಂದು ಶಬ್ದ ಬರೆಯುವುದು. ಸಂಜೆಯೊಳಗೆ ಅದನ್ನು ಕಾಲೇಜಿನ ಹೊರಗೆ ಯಾರೊಡನೆಯಾದರೂ ಮಾತಿನಲ್ಲಿ ಬಳಸಿ ಬಂದು, ಮರುದಿನ ಏನಾಯಿತೆಂದು ಹೇಳುವುದು. ಒಮ್ಮೆ ‘ದುರ್ಭಿಕ್ಷ’ ಎಂದು ಬರೆದಿದ್ದೆ. ಕೃಷ್ಣರಾಜನಗರದ ಕಡೆಯ ಹುಡುಗನೊಬ್ಬ ಮನೆಗೆ ಹೋಗಿ, ಈ ವರ್ಷ ಮಳೆ ಹೋದರೆ ದುರ್ಭಿಕ್ಷ ಬರುತ್ತದೆಂದು ಅಜ್ಜಿಗೆ ಹೇಳಿದನಂತೆ. “ಬರ ಅನ್ನಕೆ ಬಾಯಿ ನೋಯ್ತದೇನ್ಲಾ ನಿಂಗೆ?” ಎಂದಳಂತೆ ಅಜ್ಜಿ. ತರಗತಿಯೆಲ್ಲ ನಕ್ಕಿತು. ಆದರೆ ಅಜ್ಜಿ ಅಷ್ಟಕ್ಕೇ ಬಿಡದೆ, ತನ್ನ ಅಜ್ಜಿ ಹೇಳುತ್ತಿದ್ದ ‘ಧಾತು ಬರ’ದ ಮಾತನ್ನೂ ಮೊಮ್ಮಗನಿಗೆ ಹೇಳಿ ಕಳುಹಿಸಿದ್ದಳು. ಧಾತು, ಈಶ್ವರ ಎಂಬ ಸಂವತ್ಸರಗಳಲ್ಲಿ, ಎಂದರೆ ೧೮೭೬-೭೮ರಲ್ಲಿ, ಬಿದ್ದ ಮಹಾಕ್ಷಾಮ ಅದು. ೧೮೭೧ರ ಗಣತಿಯಲ್ಲಿ ೫೦ ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿತ್ತು. ನನ್ನ ಶಬ್ದದಲ್ಲಿ ಮೂರಕ್ಷರವಿತ್ತು. ಅವಳ ಮಾತಿನಲ್ಲಿ ಒಂದು ಸಂಸ್ಥಾನದ ಸಾವು ಇತ್ತು. ಅಂದಿನಿಂದ ವಾರಕ್ಕೆರಡು ದಿನ ನಾನು ಹಲಗೆಯಿಂದ ದೂರ ಸರಿದು ಸೀಮೆಸುಣ್ಣವನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೇನೆ. ಅವರ ಮನೆಯ ಮಾತೊಂದನ್ನು ಅವರೇ ಬರೆಯಬೇಕು.

ಹೀಗೆ ಎದ್ದುಬಂದವರಲ್ಲಿ ಹೆಗ್ಗಡದೇವನಕೋಟೆಯ ಕಡೆಯ ಒಂದು ಹಾಡಿಯ ಹುಡುಗಿಯೂ ಒಬ್ಬಳು, ಜೇನುಕುರುಬರವಳು. ಇವರ ನುಡಿ ಕನ್ನಡಕ್ಕೆ ಬಹು ಹತ್ತಿರದ್ದು. ಅದೇ ಅದಕ್ಕೆ ಮುಳುವಾಗಿದೆ. ಟಿಬೆಟನ್ನರ ಮಾತು ನಮಗೆ ತಿಳಿಯದೆಂದು ನಾವು ಅದರ ತಂಟೆಗೆ ಹೋಗಲಿಲ್ಲ. ಜೇನುಕುರುಬ ಮಗುವಿನ ಮಾತು ಅಷ್ಟಿಷ್ಟು ತಿಳಿಯುವುದರಿಂದ ಅದನ್ನು ‘ತಪ್ಪು ಕನ್ನಡ’ವೆಂದುಕೊಂಡು ತಿದ್ದುತ್ತ ಹೋದೆವು. ಆಶ್ರಮಶಾಲೆಗೆ ಬರುವ ಆ ಮಗು ದಿನಕ್ಕೊಂದಲ್ಲ, ಹತ್ತು ಹೊಸ ಮಾತು ಕಲಿಯುತ್ತದೆ; ಅವುಗಳ ಜೊತೆಗೆ ತನ್ನ ಮಾತನ್ನು ಆಡಬಾರದೆಂಬುದನ್ನೂ ಕಲಿಯುತ್ತದೆ. ಇದರ ಮೇಲೆ ನೆಲವೂ ಹೋಯಿತು. ೧೯೭೪ರಲ್ಲಿ ಕಪಿಲೆಗೆ ಕಬಿನಿ ಅಣೆಕಟ್ಟು. ೧೯೭೨ರ ವನ್ಯಜೀವಿ ಕಾಯಿದೆಯ ಮೇಲೆ ನಾಗರಹೊಳೆಯ ಕಾಡಿನ ಕಟ್ಟುನಿಟ್ಟು. ಕಾಡಿನಿಂದ ಹೊರಬಂದ ಕೆಲವು ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಪುರದಲ್ಲಿ ಹೊಸ ಮನೆಗಳು. ಮನೆ ಕಟ್ಟಿಕೊಟ್ಟದ್ದಾಯಿತು. ಆದರೆ ಗೆಡ್ಡೆ ಅಗೆಯುವ ಕಾಡು ಇಲ್ಲದ ಕಡೆ ಗೆಡ್ಡೆಯ ಹೆಸರನ್ನು ತಾಯಿ ಮಗಳಿಗೆ ಯಾವ ನೆವದಲ್ಲಿ ಹೇಳಬೇಕು?

ಆ ಹುಡುಗಿ ಮೊದಲು ಸಂಕೋಚಪಟ್ಟಳು. ತಮ್ಮ ಮನೆಯಲ್ಲಿ ಆಡುವುದೂ ಕನ್ನಡವೇ ಎಂದಳು. ಕಾಡಿನಲ್ಲಿ ಏನು ತಿನ್ನುತ್ತಿದ್ದಿರೆಂದು ನಿಮ್ಮ ಅಜ್ಜಿಯನ್ನು ಕೇಳಿಕೊಂಡು ಬಾಮ್ಮ ಎಂದೆ. ಮರುವಾರ ಬಂದು ಎರಡು ಮಾತು ಬರೆದಳು: ನೂರೆಗೆಣಸು, ಹೆಗ್ಗೆಣಸು. ಅಗೆಯುವಾಗ ಬಳ್ಳಿಯ ಬುಡವನ್ನು ಹೇಗೆ ಉಳಿಸಬೇಕು, ಸುಟ್ಟು ಜೇನಿನೊಡನೆ ಹೇಗೆ ತಿನ್ನಬೇಕು ಎಂದು ಅವಳು ಹೇಳುತ್ತ ಹೋದಂತೆ ತರಗತಿ ನಿಶ್ಶಬ್ದವಾಯಿತು. ನನ್ನ ಕಣ್ಣು ಎರಡನೆಯ ಮಾತಿನ ಮೇಲೆ ನಿಂತಿತ್ತು. ಪಿರಿದು, ಗೆಣಸು. ಪಿರಿಯಾಪಟ್ಟಣದ ದೊರೆ, ಕೋಟೆಯ ಹೆಗ್ಗಡೆ, ಇವರ ಸಾಲಿಗೆ ಕಾಡಿನ ಗೆಡ್ಡೆಯೊಂದು ಬಂದು ಕುಳಿತಿತ್ತು. ಹಾಗೆಂದು ಹಲಗೆಯ ಮೇಲೆ ಬಿಡಿಸಿ ತೋರಿಸಿದಾಗ ಅವಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಕಟ್ಟಳೆಯಂತೆ ಮಿಕ್ಕವರು ಆ ಮಾತುಗಳನ್ನು ಹೊರಗೆ ಬಳಸಬೇಕಾಗಿತ್ತು. ಹುಣಸೂರು ಪೇಟೆಯ ಹುಡುಗನೊಬ್ಬ ಸಂತೆಗೆ ಹೋಗಿ, ಗೆಡ್ಡೆಗೆಣಸು ಹರವಿಕೊಂಡು ಕುಳಿತಿದ್ದ ಒಬ್ಬ ಹೆಂಗಸನ್ನು, “ನೂರೆ ಐತೇನಮ್ಮಾ?” ಎಂದು ಕೇಳಿದನಂತೆ. ಆಕೆ ತಕ್ಕಡಿಯನ್ನು ಕೆಳಗಿಟ್ಟು, ಅವನನ್ನು ಮೇಲಿಂದ ಕೆಳಕ್ಕೆ ನೋಡಿ, “ಯಾವ ಹಾಡಿ ಮಗ ನಿಂದು?” ಎಂದಳಂತೆ.