ನಮ್ಮೂರ ವಸಂತಕ್ಕೂ ಒಂದು ಇತಿಹಾಸ

ಫೆಬ್ರವರಿ ಕೊನೆಗೆ ಬೆಂಗಳೂರಿನ ಬೀದಿಗಳಲ್ಲಿ ಟಬೆಬುಯಾ ಹಳದಿ ಸುರಿಯುತ್ತೆ, ಹೊಂಗೆ ತಿಳಿಹಸಿರಾಗಿ ಚಿಗುರುತ್ತೆ. ಇದೆಲ್ಲ ತಾನಾಗೇ ಆಗಿದ್ದು ಅಂದ್ಕೊಂಡ್ರಾ? ಹೊಂಗೆಯೇನೋ ನಮ್ಮದೇ, ಟಬೆಬುಯಾ, ಜಕರಂಡ ಮಾತ್ರ ದಕ್ಷಿಣ ಅಮೆರಿಕದ ನೆಂಟರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರ ಕೃಂಬಿಗಲ್ ಹಾಕಿದ ಲೆಕ್ಕ ಸರಳ: ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಬೀದಿಬೀದಿಗೂ ಮರ ನೆಡಿಸಿದರು.

ಮರಕ್ಕೆ ಜಾಗ ಬೇಕಲ್ಲ? ಅದನ್ನು ಕೊಟ್ಟಿದ್ದು ಪ್ಲೇಗು! 1898ರಲ್ಲಿ ಆ ಮಾರಿ ಬಡಿದಾಗ ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊಸ ಬಡಾವಣೆಗಳಾದ ಮಲ್ಲೇಶ್ವರ, ಬಸವನಗುಡಿಗೆ ಬಂದರು. ಅಲ್ಲಿ ಗಾಳಿ ಬೆಳಕಿಗೆಂದು ಅಗಲ ರಸ್ತೆ, ಮನೆ ಸುತ್ತ ಕಾಂಪೌಂಡು, ಹಿಂದೊಂದು ಓಣಿ. ರೋಗದ ಭಯಕ್ಕೆ ಬಿಟ್ಟ ಜಾಗದಲ್ಲಿ ಹೂವಿನ ಮರ ನಿಂತವು.

ಈಗ ಬಸವನಗುಡಿಯಲ್ಲಿ ನಡೆಯುವಾಗ ಮಂಕಿ ಟಾಪ್ ಕಿಟಕಿಯ ಹಂಚಿನ ಮನೆಗಳನ್ನು ಎಣಿಸ್ತೀನಿ. ಎಣಿಕೆ ಬೇಗ ಮುಗಿಯುತ್ತೆ. ಮನೆ ಬಿದ್ದಲ್ಲಿ ಸೈಟಿನ ಅಂಚಿಗೇ ಅಪಾರ್ಟ್‌ಮೆಂಟು ಏಳುತ್ತೆ, ಕಾಂಪೌಂಡಿನ ಮಾವು, ಸಂಪಿಗೆ ಹೋಗುತ್ತೆ. ಪಾರ್ಕು ಇದೆಯಲ್ಲ ಅಂತಾರೆ. ನನಗದು ಸಾಲದು. ಪಾರ್ಕಿಗೆ ನಾವೇ ಹೋಗಬೇಕು. ಕಾಂಪೌಂಡಿನ ಸಂಪಿಗೆಯ ಘಮ ಕಿಟಕಿಯಿಂದ ತಾನೇ ಒಳಗೆ ಬರುತ್ತಿತ್ತು.

ನಿಮ್ಮ ಬೀದೀಲಿ ಈ ಸಲ ಯಾವ ಮರ ಹೂ ಬಿಟ್ಟಿದೆ?